ಅಟ್ಟದ ಮೇಲೆ ಹಳೆ ಸಿನಿಮಾ ರೀಲು ಸಿಕ್ಕಿದೆಯೇ? ಉಳಿಸಿಕೊಳ್ಳುವ ಕ್ರಮ ಹೀಗೆ

ಕಾರವಾರ, ಕುಮಟಾ, ಶಿರಸಿ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. "ಅಜ್ಜ ಟೂರಿಂಗ್ ಟಾಕೀಸ್ ನಡೆಸುತ್ತಿದ್ದರು. ಅಟ್ಟ ಗುಡಿಸುವಾಗ ರೀಲಿನ ಡಬ್ಬಿಗಳು ಸಿಕ್ಕಿವೆ. ಬಿಡಿಸಿ ನೋಡಿದರೆ ಎಲ್ಲಾ ಗುಲಾಬಿ ಗುಲಾಬಿ. ಏನಾದರೂ ಮಾಡಬಹುದಾ, ಇಲ್ಲ ಗುಜರಿಗೆ ಹಾಕೋದಾ?"

ಗುಜರಿಗೆ ಹಾಕಬೇಡಿ. ಕನ್ನಡದ ಮೊದಲ ಟಾಕಿ 'ಸತಿ ಸುಲೋಚನಾ' 1934ರಲ್ಲಿ ತೆರೆಗೆ ಬಂತು. ಇವತ್ತು ನೋಡೋಣವೆಂದರೆ ಅದರ ಪ್ರತಿ ಎಲ್ಲೂ ಇಲ್ಲ. ಫಿಲ್ಮಿನಲ್ಲಿರುವ ಬೆಳ್ಳಿಗಾಗಿ ಹಳೆ ರೀಲುಗಳನ್ನು ತೂಕಕ್ಕೆ ಹಾಕಿ ಮಾರಿದ ಕಾಲ ಒಂದಿತ್ತು. ಹಾಗೆ ಹೋದ ಸಿನಿಮಾಗಳು ಎಷ್ಟೋ. ನಿಮ್ಮ ಡಬ್ಬಿಯಲ್ಲಿರುವುದು ಆ ಸಿನಿಮಾದ ಕೊನೆಯ ಪ್ರತಿಯೂ ಆಗಿರಬಹುದು. ಖಾತ್ರಿಯಾಗುವ ತನಕ ಹಾಗೆಂದೇ ತಿಳಿದು ನಡೆದುಕೊಳ್ಳಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಜನ ಹೆದರುವುದು ಗುಲಾಬಿ ಬಣ್ಣಕ್ಕೆ. ನಿಜವಾಗಿ ಹೆದರಬೇಕಾದ್ದು ಹುಳಿ ವಾಸನೆಗೆ. ಮಾಸಿದ ಬಣ್ಣವನ್ನು ಕಂಪ್ಯೂಟರಿನಲ್ಲಿ ಬಹಳಷ್ಟು ಮರಳಿ ತರಬಹುದು. ಹುಳಿ ವಾಸನೆ ಹಿಡಿದ ಫಿಲ್ಮು ಮಾತ್ರ ಕುಗ್ಗುತ್ತ, ಸೊಟ್ಟಗಾಗುತ್ತ ಹೋಗುತ್ತದೆ. ಅದನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ.

ಮೊದಲು ಇಷ್ಟು ಹೊಂದಿಸಿಕೊಳ್ಳಿ

ಹತ್ತಿಯ ಕೈಗವಸು, ಮೂಗಿಗೆ ಮಾಸ್ಕ್, ನೂಲು ಬಿಡದ ಮೆತ್ತನೆಯ ಬಿಳಿ ಬಟ್ಟೆ, ಭೂತಗನ್ನಡಿ, 60 ಸೆಂಟಿಮೀಟರಿನ ಸ್ಟೀಲ್ ಸ್ಕೇಲು, ಪೆನ್ಸಿಲ್, ನೋಟ್‌ಬುಕ್. ಗಾಳಿಯ ತೇವ ತೋರಿಸುವ ಹೈಗ್ರೋಮೀಟರ್ ಎಂಬ ಸಣ್ಣ ಡಿಜಿಟಲ್ ಯಂತ್ರ. ಬೆಳಕಿಗೆ ಮೊಬೈಲಿನ ಬಿಳಿ ಪರದೆ ಸಾಕು. ರೀಲು ಸುತ್ತುವ ಕೈಚಕ್ರಗಳು, ಅಂದರೆ ರಿವೈಂಡರ್, ಹಳೆ ಟಾಕೀಸಿನವರ ಹತ್ತಿರ ಸಿಕ್ಕರೆ ಒಂದು ಜೊತೆ ಕೇಳಿ ತನ್ನಿ.

ಪಟ್ಟಿಯಲ್ಲಿ ಪ್ರೊಜೆಕ್ಟರ್ ಇಲ್ಲ. ಬೇಕೆಂದೇ ಬಿಟ್ಟಿದ್ದೇನೆ. "ಒಂದ್ಸಲ ಓಡಿಸಿ ನೋಡೋಣ" ಎಂಬ ಆಸೆ ಎಲ್ಲರಿಗೂ ಬರುತ್ತದೆ. ಕುಗ್ಗಿದ ಫಿಲ್ಮಿನ ಅಂಚಿನ ತೂತುಗಳು ಪ್ರೊಜೆಕ್ಟರಿನ ಹಲ್ಲುಗಳಿಗೆ ಸರಿಯಾಗಿ ಕೂರುವುದಿಲ್ಲ. ಕುಮಟಾದ ನೆಂಟರ ಮನೆಯಲ್ಲಿ ನಾವು ಹೀಗೇ ಓಡಿಸಿದ್ದೆವು. ಟರ್ ಎಂದು ಸದ್ದು ಬಂತು. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಹತ್ತಡಿ ಉದ್ದಕ್ಕೆ ತೂತುಗಳೆಲ್ಲ ಹರಿದುಹೋಗಿದ್ದವು. ಆ ಹತ್ತಡಿಯ ಮುಖಗಳು ಇನ್ನೂ ಕಣ್ಣ ಮುಂದಿವೆ.

ಹಂತ 1: ತೆರೆಯಲು ಸರಿಯಾದ ದಿನ ನೋಡಿ

ಮಳೆಗಾಲದಲ್ಲಿ ಡಬ್ಬಿ ತೆರೆಯಬೇಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಫಿಲ್ಮಿನ ಮೇಲಿನ ಚಿತ್ರ ಕೂತಿರುವುದು ಜೆಲಟಿನ್ ಪದರದಲ್ಲಿ. ಜೆಲಟಿನ್ ಅಂದರೆ ಪ್ರಾಣಿಜನ್ಯ ಅಂಟು. ಬೂಷ್ಟಿಗೆ ಅದು ಹಬ್ಬದೂಟ.

ಡಿಸೆಂಬರ್‌ನಿಂದ ಫೆಬ್ರವರಿ ತನಕ ಒಳ್ಳೆಯ ಕಾಲ. ಶಿರಸಿ, ಸಿದ್ದಾಪುರದಲ್ಲಿ ಇಬ್ಬನಿ ಆರುವ ತನಕ, ಅಂದರೆ ಬೆಳಿಗ್ಗೆ ಹತ್ತು ಹನ್ನೊಂದರ ತನಕ ಕಾಯಿರಿ. ಕಾರವಾರ, ಅಂಕೋಲಾದಲ್ಲಿ ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ಆ ಬದಿಯ ಕಿಟಕಿ ಮುಚ್ಚಿ. ಹೈಗ್ರೋಮೀಟರ್ ಶೇಕಡಾ 60ಕ್ಕಿಂತ ಕೆಳಗೆ ತೋರಿಸಿದರೆ ಕೆಲಸ ಶುರು ಮಾಡಬಹುದು.

ಹಂತ 2: ಇದು ಯಾವ ಫಿಲ್ಮು ಎಂದು ತಿಳಿಯಿರಿ

ಈ ಹಂತವನ್ನು ಹಾರಿಸಿ ಮುಂದೆ ಹೋಗಬೇಡಿ. ಇಲ್ಲಿರುವುದು ಜೀವದ ಪ್ರಶ್ನೆ.

ಅಗಲ ಅಳೆಯಿರಿ. ಥಿಯೇಟರಿನ ಫಿಲ್ಮು 35 ಎಂಎಂ. ಶಾಲೆ, ಸಂಘ, ಪ್ರಚಾರ ಇಲಾಖೆಗಳ ಚಿತ್ರಗಳು ಹೆಚ್ಚಾಗಿ 16 ಎಂಎಂ. ಮನೆಯವರೇ ತೆಗೆದ ಮದುವೆ, ಮುಂಜಿಯ ಚಿತ್ರಗಳು 8 ಎಂಎಂ ಇರುತ್ತವೆ.

35 ಎಂಎಂ ಆಗಿದ್ದು, 1950ರ ದಶಕದ ಮೊದಲಿನ ವರ್ಷಗಳದ್ದೋ ಅದಕ್ಕೂ ಹಿಂದಿನದ್ದೋ ಆಗಿದ್ದರೆ ಅದು ನೈಟ್ರೇಟ್, ಅಂದರೆ ಬಲುಬೇಗ ಬೆಂಕಿ ಹಿಡಿಯುವ ಹಳೆ ಜಾತಿಯ ಫಿಲ್ಮು ಇರಬಹುದು. ನೈಟ್ರೇಟ್ ಫಿಲ್ಮಿಗೆ ಬೆಂಕಿ ತಗುಲಿದರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇದೆ. ಹಾಳಾದ ನೈಟ್ರೇಟ್ ಬಹಳ ಹೊತ್ತು ಸೆಖೆಯಲ್ಲಿ ಕೂತರೆ 40 ಡಿಗ್ರಿ ಆಸುಪಾಸಿನಲ್ಲೇ ತಾನಾಗಿ ಹೊತ್ತಿಕೊಳ್ಳಬಹುದು. ಏಪ್ರಿಲ್, ಮೇ ತಿಂಗಳಲ್ಲಿ ಹಂಚಿನ ಮನೆಯ ಅಟ್ಟದಲ್ಲಿ ಎಷ್ಟು ಕಾವು ಇರುತ್ತದೆಂದು ನಿಮಗೇ ಗೊತ್ತು. 2003ರ ಜನವರಿಯಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದ ನೈಟ್ರೇಟ್ ಫಿಲ್ಮುಗಳೇ ಬೆಂಕಿಗೆ ಆಹುತಿಯಾದವು.

ಅಂಚಿನಲ್ಲಿ 'ನೈಟ್ರೇಟ್' ಅಥವಾ 'ಸೇಫ್ಟಿ' (ಸುಲಭಕ್ಕೆ ಬೆಂಕಿ ಹಿಡಿಯದ ಫಿಲ್ಮು) ಎಂಬ ಇಂಗ್ಲಿಷ್ ಅಕ್ಷರಗಳು ಇರುತ್ತವೆ. ಇದನ್ನೊಂದನ್ನೇ ನಂಬಬೇಡಿ. ಕ್ಯಾಮೆರಾದ ಮೂಲ ನೆಗೆಟಿವ್ ಮೇಲಿದ್ದ ಅಕ್ಷರ ಅದರಿಂದ ತೆಗೆದ ಪ್ರಿಂಟಿನ ಮೇಲೂ ಮೂಡಿರಬಹುದು. ಕಂದು ಪುಡಿ, ಜೇನಿನಂತೆ ಅಂಟಂಟು, ಮೂಗಿಗೆ ಹೊಡೆಯುವ ಗಬ್ಬು ವಾಸನೆ ಇದ್ದರೆ ಅಲ್ಲಿಗೇ ಮುಚ್ಚಿ. ಚೂರು ಕತ್ತರಿಸಿ ಸುಟ್ಟು ನೋಡುವ ಪರೀಕ್ಷೆ ಬೇಡವೇ ಬೇಡ. ಡಬ್ಬಿಯನ್ನು ಮನೆಯಿಂದ ದೂರ, ನೆರಳಿನಲ್ಲಿ, ತಂಪಾದ ಜಾಗದಲ್ಲಿ ಇಟ್ಟು ಅಗ್ನಿಶಾಮಕ ಠಾಣೆಗೆ ತಿಳಿಸಿ. ಪುಣೆಯ ಸಂಗ್ರಹಕ್ಕೂ ಬರೆಯಿರಿ. ಬಸ್ಸಿನಲ್ಲಿ, ರೈಲಿನಲ್ಲಿ, ಕೊರಿಯರ್‌ನಲ್ಲಿ ಯಾವ ಕಾರಣಕ್ಕೂ ಕಳಿಸಬೇಡಿ.

16 ಮತ್ತು 8 ಎಂಎಂನವರು ನೈಟ್ರೇಟ್ ಭಯ ಬಿಡಬಹುದು. ಅವು ಮೊದಲಿನಿಂದಲೂ ಸೇಫ್ಟಿ ಫಿಲ್ಮಿನಲ್ಲೇ ಬಂದಿವೆ.

ಉಳಿದದ್ದು ಎರಡು ಜಾತಿ: ಅಸಿಟೇಟ್ ಮತ್ತು ಪಾಲಿಯೆಸ್ಟರ್. ಸುತ್ತಿದ ರೀಲನ್ನು ಮೊಬೈಲಿನ ಬೆಳಕಿಗೆ ಅಡ್ಡ ಹಿಡಿಯಿರಿ. ಪದರಗಳ ಬದಿಯಿಂದ ಬೆಳಕು ಮಸುಕಾಗಿ ತೂರಿ ಬಂದರೆ ಪಾಲಿಯೆಸ್ಟರ್, ಕತ್ತಲಾಗಿಯೇ ಇದ್ದರೆ ಅಸಿಟೇಟ್. ಪಾಲಿಯೆಸ್ಟರ್ ಗಟ್ಟಿ ಪಿಂಡ, ಅದಕ್ಕೆ ಹುಳಿ ಹಿಡಿಯುವುದಿಲ್ಲ. ನಮ್ಮ ಅಟ್ಟಗಳಲ್ಲಿ ಸಿಗುವುದು ಹೆಚ್ಚಾಗಿ ಅಸಿಟೇಟ್.

ಹಂತ 3: ಮೂಗಿನಿಂದಲೂ ಸ್ಕೇಲಿನಿಂದಲೂ ಪರೀಕ್ಷಿಸಿ

ಮುಚ್ಚಳ ತೆಗೆದು ಒಂದು ನಿಮಿಷ ಬಿಡಿ. ಆಮೇಲೆ ದೂರದಿಂದಲೇ ಮೂಸಿ. ಚೈನೀಸ್ ಅಂಗಡಿಯ ಮೇಜಿನ ಮೇಲಿರುವ ವಿನೆಗರ್ ವಾಸನೆ ಬಂತೇ? ಅಸಿಟೇಟ್ ಒಡೆದು ಅಸಿಟಿಕ್ ಆಮ್ಲ ಬಿಡುತ್ತಿದೆ ಎಂದರ್ಥ. ಇದಕ್ಕೆ ವಿನೆಗರ್ ಸಿಂಡ್ರೋಮ್ ಎನ್ನುತ್ತಾರೆ. ಹೊರಬಂದ ಆಮ್ಲವೇ ಉಳಿದ ಫಿಲ್ಮನ್ನೂ ಬೇಗ ಒಡೆಯುತ್ತದೆ. ಪಕ್ಕದ ಡಬ್ಬಿಗೂ ತಗುಲುತ್ತದೆ. ಕೊಳೆತ ಒಂದು ಹಣ್ಣು ಬುಟ್ಟಿಯನ್ನೆಲ್ಲ ಕೆಡಿಸಿದ ಹಾಗೆ. ಹುಳಿ ಡಬ್ಬಿಗಳನ್ನು ಅವತ್ತೇ ಬೇರೆ ಕೋಣೆಗೆ ಸಾಗಿಸಿ.

ಮೂಗಿಗೆ ಗೊತ್ತಾಗುವ ಮೊದಲೇ ಹಿಡಿಯಬೇಕೆಂದರೆ ಎ-ಡಿ ಸ್ಟ್ರಿಪ್ ಎಂಬ ಕಾಗದದ ಪಟ್ಟಿ ಇದೆ. ಡಬ್ಬಿಯೊಳಗಿಟ್ಟು ಒಂದು ದಿನ ಮುಚ್ಚಿಡಬೇಕು. ನೀಲಿಯಾಗಿಯೇ ಉಳಿದರೆ ಕ್ಷೇಮ. ಹಸಿರಿಗೆ ತಿರುಗಿದರೆ ಕಾಯಿಲೆ ಶುರುವಾಗಿದೆ. ಹಳದಿಯಾದರೆ ತಡಮಾಡದೆ ಸ್ಕ್ಯಾನ್ ಮಾಡಿಸಬೇಕು.

ಇನ್ನು ಅಳತೆ. ಇದನ್ನು ಮನೆಯಲ್ಲೇ ಮಾಡಬಹುದು, ತುಂಬಾ ಉಪಯೋಗದ್ದು. 35 ಎಂಎಂ ಪ್ರಿಂಟಿನಲ್ಲಿ ಒಂದು ತೂತಿನ ಅಂಚಿನಿಂದ ಮುಂದಿನ ತೂತಿನ ಅದೇ ಅಂಚಿಗೆ 4.75 ಮಿಲಿಮೀಟರ್. ಅಂದರೆ 100 ತೂತಿಗೆ 475 ಮಿಲಿಮೀಟರ್. ಫ್ರೇಮಿಗೆ ನಾಲ್ಕು ತೂತು, ಹಾಗಾಗಿ 25 ಫ್ರೇಮ್ ಎಣಿಸಿದರೆ ಸಾಕು. ಫಿಲ್ಮನ್ನು ಎಳೆಯದೆ ಸ್ಕೇಲಿನ ಪಕ್ಕ ಮಲಗಿಸಿ ಓದಿ. 470 ಬಂದರೆ ಶೇಕಡಾ 1ರಷ್ಟು ಕುಗ್ಗಿದೆ. ಅಂಥದ್ದು ಪ್ರೊಜೆಕ್ಟರ್ ಹತ್ತಿರವೂ ಹೋಗಬಾರದು. 16 ಎಂಎಂ ಆದರೆ 50 ತೂತಿಗೆ 381 ಮಿಲಿಮೀಟರ್ ಬರಬೇಕು. ರೀಲಿನ ಮೊದಲು, ನಡುವೆ, ಕೊನೆಗೆ ಮೂರು ಕಡೆ ಅಳೆಯಿರಿ. ಹೊರಸುತ್ತು ಒಂದು ತರ, ಒಳಸುತ್ತು ಇನ್ನೊಂದು ತರ ಇರುವುದುಂಟು.

ಬಿಡಿಸುವಾಗ ಪದರಗಳು ಅಂಟಿಕೊಂಡಿದ್ದರೆ ಎಳೆಯಬೇಡಿ. ಎಳೆದರೆ ಒಂದು ಪದರದ ಚಿತ್ರ ಇನ್ನೊಂದರ ಬೆನ್ನಿಗೆ ಕಿತ್ತುಬರುತ್ತದೆ. ಅಂಥದ್ದನ್ನು ಹಾಗೇ ಲ್ಯಾಬಿಗೆ ಬಿಡಿ.

ಹಂತ 4: ಬರೆದಿಡಿ

ಪ್ರತಿ ಡಬ್ಬಿಗೂ ಒಂದು ಪುಟ. ಡಬ್ಬಿಯ ಮೇಲೇನಿದೆ, ಒಳಗೆ ನಿಜವಾಗಿ ಏನಿದೆ ಎರಡನ್ನೂ ಬರೆಯಿರಿ. ಎಷ್ಟೋ ಸಲ ಎರಡೂ ಬೇರೆ ಇರುತ್ತವೆ. ಊರಿಂದೂರಿಗೆ ತಿರುಗಿದ ರೀಲುಗಳಲ್ವಾ, ಡಬ್ಬಿ ಅದಲು ಬದಲಾಗಿರುತ್ತದೆ. ರೀಲಿನ ಸಂಖ್ಯೆ, ಬಣ್ಣವೋ ಕಪ್ಪು ಬಿಳುಪೋ, ವಾಸನೆ, ಅಳತೆ, ಎಷ್ಟು ಕಡೆ ಅಂಟಿಸಿದ್ದಾರೆ, ಮೊದಲ ಮತ್ತು ಕೊನೆಯ ದೃಶ್ಯ ಏನು ಎಂದು ನಮೂದಿಸಿ.

ಮೊದಲ ರೀಲಿನ ಆರಂಭದಲ್ಲಿ ಸೆನ್ಸಾರ್ ಪ್ರಮಾಣಪತ್ರದ ಚಿತ್ರ ಇರುತ್ತದೆ. ಭೂತಗನ್ನಡಿ ಹಿಡಿದು ಓದಿ. ಸಿನಿಮಾದ ಉದ್ದ, ರೀಲುಗಳ ಲೆಕ್ಕ ಅದರಲ್ಲೇ ಇರುತ್ತದೆ. 35 ಎಂಎಂನಲ್ಲಿ ನಿಮಿಷಕ್ಕೆ 90 ಅಡಿ ಫಿಲ್ಮು ಓಡುತ್ತದೆ. ಎರಡೂವರೆ ತಾಸಿನ ಸಿನಿಮಾ ಅಂದರೆ 13,500 ಅಡಿ, ಸಾವಿರ ಅಡಿಯ ರೀಲಾದರೆ ಹದಿಮೂರು ಹದಿನಾಲ್ಕು. ನಿಮ್ಮಲ್ಲಿ ಒಂಬತ್ತೇ ಇದ್ದರೆ ಉಳಿದವು ಯಾರದ್ದೋ ಮನೆಯಲ್ಲಿ ಇರಬಹುದು. ಅಜ್ಜನ ಜೊತೆ ಕೆಲಸ ಮಾಡಿದ ಆಪರೇಟರು, ಗೇಟ್ ಕೀಪರ್ ಬದುಕಿದ್ದರೆ ಈ ವಾರವೇ ಹೋಗಿ ಮಾತಾಡಿಸಿ. ಅವರಿಗೆ ನೆನಪಿರುವುದು ಯಾವ ಕಾಗದದಲ್ಲೂ ಇರುವುದಿಲ್ಲ.

ಹಂತ 5: ಒರೆಸುವುದು, ಸುತ್ತುವುದು, ಇಡುವುದು

ಫಿಲ್ಮಿನ ಅಂಚು ಮಾತ್ರ ಮುಟ್ಟಿ. ಹೊಳೆಯುವ ಬದಿ ಬರೀ ಪ್ಲಾಸ್ಟಿಕ್, ಮಂಕಾದ ಬದಿಯಲ್ಲಿ ಚಿತ್ರ ಇರುತ್ತದೆ. ಒಣ ಬಟ್ಟೆಯನ್ನು ಮಡಚಿ, ಅದರ ನಡುವೆ ಫಿಲ್ಮನ್ನು ಹಗುರವಾಗಿ ಹಾಯಿಸುತ್ತ ನಿಧಾನ ಸುತ್ತಿ. ಬಟ್ಟೆಯ ಜಾಗ ಆಗಾಗ ಬದಲಿಸಿ, ಇಲ್ಲದಿದ್ದರೆ ಅಲ್ಲಿ ಕೂತ ಮರಳಿನ ಕಣವೇ ಉದ್ದಕ್ಕೂ ಗೀರು ಎಳೆಯುತ್ತದೆ. ಕಡಲ ತೀರದ ಮನೆಗಳಲ್ಲಿ ಇದು ಸುಮ್ನೆ ಹೇಳುವ ಮಾತಲ್ಲ.

ನೀರು ತಾಗಿಸಬೇಡಿ. ಬೂಷ್ಟು ಹಿಡಿದ ಜೆಲಟಿನ್ ನೀರಿಗೆ ಕರಗಿ ಹೋಗುತ್ತದೆ, ಒರೆಸಿದ ಕಡೆ ಮುಖವೇ ಅಳಿಸುತ್ತದೆ. ದ್ರವ ಹಾಕಿ ಶುಚಿ ಮಾಡುವ ಕೆಲಸ ಲ್ಯಾಬಿನವರದ್ದು. ಸಡಿಲವಾಗಿರುವ ರೀಲನ್ನು ತುದಿ ಹಿಡಿದು ಎಳೆದು ಬಿಗಿ ಮಾಡುವುದೂ ತಪ್ಪು. ಪದರಗಳು ಒಂದಕ್ಕೊಂದು ತಿಕ್ಕಿ ಸಾವಿರ ಗೀರು ಬೀಳುತ್ತವೆ.

ತುಕ್ಕು ಹಿಡಿದ ಡಬ್ಬಿ ಬಿಸಾಡುವ ಮೊದಲು ಅದರ ಮೇಲಿನ ಚೀಟಿಯ ಫೋಟೋ ತೆಗೆಯಿರಿ. ಹೊಸ ಡಬ್ಬಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದ್ದಾಗಲಿ, ಗಾಳಿ ಆಡಲು ಸಣ್ಣ ಕಿಂಡಿ ಇರಲಿ. ರೀಲನ್ನು ಮಲಗಿಸಿ ಇಡಿ. ಡಾಂಬರು ಗುಳಿಗೆ, ಕರ್ಪೂರ ಯಾವುದೂ ಬೇಡ.

ಎಲ್ಲಿ ಇಡುವುದು? ನಮ್ಮ ಮನೆಗಳಲ್ಲಿ ಬೆಲೆಬಾಳುವುದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸುವ ರೂಢಿ. ಅಡಿಕೆಗೆ, ಬೀಜದ ಸೌತೆಗೆ ಅದು ಸರಿ. ಫಿಲ್ಮಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಕಾವು ಮತ್ತು ತೇವ, ಇವೆರಡೇ ಅದರ ವೈರಿಗಳು. ತೇವ ಶೇಕಡಾ 30ರಿಂದ 50ರ ಒಳಗೆ, ಆದಷ್ಟು ತಂಪು, ಇದು ಗುರಿ. ಮನೆಯ ನಡುಕೋಣೆ, ಹೊರಗೋಡೆಗೆ ತಾಗದ ಕಪಾಟು, ಪಕ್ಕದಲ್ಲಿ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇದ್ದರೆ ಒಂದೆರಡು ವರ್ಷ ದಾಟಿಸಬಹುದು.

ಬಣ್ಣದ ಫಿಲ್ಮಿಗೂ ಹುಳಿ ಫಿಲ್ಮಿಗೂ ಫ್ರೀಜರ್ ಒಳ್ಳೆಯದು. ಊಟದ ಸಾಮಾನಿನ ಜೊತೆಗಲ್ಲ, ಬೇರೆಯದ್ದೇ. ಒಣ ದಿನ ನೋಡಿ ಡಬ್ಬಿಯನ್ನು ಒಂದರೊಳಗೊಂದು ಎರಡು ಜಿಪ್ ಚೀಲಗಳಲ್ಲಿ ಹಾಕಿ ಗಾಳಿ ತೆಗೆದು ಮುಚ್ಚಿ. ಹೊರಗಿಟ್ಟ ಹುಳಿ ಫಿಲ್ಮಿಗೆ ಗಾಳಿ ಆಡಬೇಕು, ಫ್ರೀಜರಿನಲ್ಲಿಟ್ಟದ್ದನ್ನು ಮುಚ್ಚಬೇಕು. ಇವೆರಡನ್ನು ಗೊಂದಲ ಮಾಡಿಕೊಳ್ಳಬೇಡಿ. ಮರ ಬಿದ್ದು ಮೂರು ದಿನ ಕರೆಂಟ್ ಹೋಗುವುದು ಘಟ್ಟದ ಮೇಲೆ ಮಾಮೂಲಿ, ಆಗ ಒಳಗೆ ಇಳಿಯುವ ನೀರಿನಿಂದ ಕಾಪಾಡುವುದು ಆ ಎರಡು ಚೀಲಗಳೇ. ಹೊರತೆಗೆದ ಮೇಲೆ ಒಂದು ಪೂರ್ತಿ ದಿನ ಚೀಲ ಬಿಚ್ಚಬೇಡಿ.

ಹಂತ 6: ಇದಕ್ಕಿಂತ ಒಳ್ಳೆಯ ಪ್ರತಿ ಇದೆಯೇ ಕೇಳಿ

ಪ್ರಿಂಟ್ ಎಂದರೆ ಥಿಯೇಟರಿಗಾಗಿ ಮಾಡಿದ ನಕಲು. ಮೂಲ ಎಂದರೆ ಕ್ಯಾಮೆರಾದಲ್ಲಿ ಓಡಿದ ನೆಗೆಟಿವ್. 1977ರ 'ಘಟಶ್ರಾದ್ಧ' ಹೊಸ ರೂಪದಲ್ಲಿ 2024ರ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತಲ್ಲ, ಅದು ಸಾಧ್ಯವಾಗಿದ್ದು ಪುಣೆಯಲ್ಲಿ ನೆಗೆಟಿವ್ ಉಳಿದಿದ್ದರಿಂದ.

ಹಾಗಾಗಿ ದುಡ್ಡು ಸುರಿಯುವ ಮೊದಲು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. 1964ರಲ್ಲಿ ಶುರುವಾದ ಸಂಸ್ಥೆ ಅದು, ಈಗ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮ ಅಂದರೆ ಎನ್ಎಫ್‌ಡಿಸಿ ಕೆಳಗಿದೆ. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗೂ ಬರೆಯಿರಿ. ನಿಮ್ಮ ನೋಟ್‌ಬುಕ್ಕಿನ ಪುಟಗಳ ಫೋಟೋ ಜೊತೆಗಿರಲಿ. "ಹಳೆ ರೀಲು ಇದೆ, ಬೇಕಾ?" ಎಂದಷ್ಟೇ ಬರೆದರೆ ಯಾರಿಗೂ ಏನೂ ತಿಳಿಯದು. ಅವರಲ್ಲಿ ನೆಗೆಟಿವ್ ಇದ್ದರೂ ನಿಮ್ಮ ಪ್ರಿಂಟ್ ದಂಡವಲ್ಲ. ನೆಗೆಟಿವ್‌ನಲ್ಲಿ ಹಾಳಾದ ಭಾಗಕ್ಕೆ ಪ್ರಿಂಟೇ ತೇಪೆ.

ಹಂತ 7: ಸ್ಕ್ಯಾನ್

ಗೋಡೆಗೆ ಬಿಟ್ಟು ಮೊಬೈಲಿನಲ್ಲಿ ಶೂಟ್ ಮಾಡುವುದು ಸ್ಕ್ಯಾನ್ ಅಲ್ಲ. ಸ್ಕ್ಯಾನರ್ ಒಂದೊಂದು ಫ್ರೇಮಿನದ್ದೂ ಬೇರೆ ಬೇರೆಯಾಗಿ ಚಿತ್ರ ತೆಗೆಯುತ್ತದೆ. ನಮ್ಮ ಜಿಲ್ಲೆಯಿಂದ ಚೆನ್ನೈಗೋ ಮುಂಬೈಗೋ ಹೋಗಬೇಕು. ರೀಲನ್ನು ನೀವೇ ಕೈಯಲ್ಲಿ ಒಯ್ಯಿರಿ. ಬಿಸಿಲಿನಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ.

ಲ್ಯಾಬಿನವರಿಗೆ ಕೇಳಬೇಕಾದ ಪ್ರಶ್ನೆಗಳು ಇವು. ಹಲ್ಲುಚಕ್ರ ಇಲ್ಲದೆ ರೋಲರ್ ಮೇಲೆ ಫಿಲ್ಮು ಓಡುವ ಸ್ಕ್ಯಾನರ್ ಇದೆಯೇ? ಕುಗ್ಗಿದ ಫಿಲ್ಮಿಗೆ ಅದೇ ಬೇಕು. ತೂತು, ಧ್ವನಿಪಟ್ಟಿ ಸಮೇತ ಅಂಚಿನಿಂದ ಅಂಚಿಗೆ ಹಿಡಿಯುತ್ತೀರಾ? ಗೀರು ಜಾಸ್ತಿ ಇದ್ದರೆ ವೆಟ್ ಗೇಟ್ ಇದೆಯೇ? ಇದರಲ್ಲಿ ಫಿಲ್ಮು ಒಂದು ದ್ರವದೊಳಗೆ ಹಾಯುತ್ತದೆ. ಹೊಳೆಯುವ ಬದಿಯ ಗೀರುಗಳೊಳಗೆ ದ್ರವ ತುಂಬಿ ಅವು ಕಾಣದಾಗುತ್ತವೆ.

ಮಾಸಿದ ಫಿಲ್ಮಿಗೆ ಇನ್ನೊಂದು ಷರತ್ತು ಬರವಣಿಗೆಯಲ್ಲೇ ಕೊಡಿ: "ಸ್ಕ್ಯಾನ್ ಮಾಡುವಾಗ ಬಣ್ಣ ತಿದ್ದಬೇಡಿ, ಕೆಂಪು ಚಾನೆಲ್ ಕಟ್ ಆಗದಂತೆ ಬೆಳಕು ಹೊಂದಿಸಿ." ಗುಲಾಬಿ ಫಿಲ್ಮಿನಲ್ಲಿ ಕೆಂಪು ಬೆಳಕು ವಿಪರೀತ ತೂರಿ ಬರುತ್ತದೆ. ಅದು ಮಿತಿ ಮೀರಿ ಬೆಳ್ಳಗಾದರೆ ಅಲ್ಲಿದ್ದ ಅಲ್ಪ ಸ್ವಲ್ಪ ಮಾಹಿತಿಯೂ ಹೋಯಿತು.

ಡಿಪಿಎಕ್ಸ್ ಎಂಬ ಫೈಲ್ ರೂಪ ಕೇಳಿ. ಫ್ರೇಮಿಗೊಂದು ಫೈಲ್. ಎರಡೂವರೆ ತಾಸಿಗೆ 2,16,000 ಫ್ರೇಮ್. 2ಕೆಯಲ್ಲಿ, ಅಂದರೆ ಫ್ರೇಮಿನ ಅಡ್ಡಕ್ಕೆ ಸುಮಾರು ಎರಡು ಸಾವಿರ ಚುಕ್ಕೆ ಇರುವಂತೆ ಮಾಡಿದರೆ, ಸುಮಾರು 2.75 ಟೆರಾಬೈಟ್, ಅದರ ಎರಡರಷ್ಟು ಚುಕ್ಕೆಯ 4ಕೆಯಲ್ಲಿ 11 ಟೆರಾಬೈಟ್ ಆಗುತ್ತದೆ. ಸವೆದ ಪ್ರಿಂಟಿಗೆ ನನ್ನ ಮಟ್ಟಿಗೆ 2ಕೆ ಸಾಕು. ಮಿಕ್ಕ ದುಡ್ಡನ್ನು ಹೆಚ್ಚುವರಿ ಹಾರ್ಡ್ ಡಿಸ್ಕಿಗೆ ಹಾಕಿ.

ಧ್ವನಿ ಚಿತ್ರದ ಪಕ್ಕದಲ್ಲಿ ಬಿಳಿ ಅಲೆಯ ಗೆರೆಯಾಗಿ ಕಾಣುತ್ತದೆ. 35 ಎಂಎಂನಲ್ಲಿ ಅದು ತನ್ನ ಚಿತ್ರಕ್ಕಿಂತ ಸುಮಾರು 20 ಫ್ರೇಮ್ ಮುಂದಿರುತ್ತದೆ, 16 ಎಂಎಂನಲ್ಲಿ 26. ರೀಲು ತುಂಡಾಗಿ ಅಂಟಿಸಿದ ಕಡೆ ತುಟಿಗೂ ಮಾತಿಗೂ ತಾಳೆ ತಪ್ಪುವುದು ಇದರಿಂದಲೇ.

ಹಂತ 8: ಬಣ್ಣ ಮರಳಿ ತರುವುದು

ಬಣ್ಣದ ಫಿಲ್ಮಿನಲ್ಲಿ ಮೂರು ಬಣ್ಣದ ಪದರಗಳಿವೆ: ಹಳದಿ, ಮಜೆಂಟಾ, ಸಯಾನ್. ಮಜೆಂಟಾ ಅಂದರೆ ದಾಸವಾಳದ ಗುಲಾಬಿ, ಸಯಾನ್ ಅಂದರೆ ಹಸಿರು ಬೆರೆತ ನೀಲಿ. 1980ರ ದಶಕದ ಆರಂಭದ ತನಕ ಬಂದ ಪ್ರಿಂಟುಗಳಲ್ಲಿ ಸಯಾನ್ ಬಹಳ ಬೇಗ ಹೋಗುತ್ತದೆ, ಕತ್ತಲಲ್ಲಿ ಮುಚ್ಚಿಟ್ಟರೂ ಹೋಗುತ್ತದೆ. ಹಳದಿಯೂ ಸ್ವಲ್ಪ ಇಳಿಯುತ್ತದೆ. ಉಳಿಯುವುದು ಮಜೆಂಟಾ. ಒಂದು ಫ್ರೇಮ್ ಹಿಡಿದು ನೋಡಿ. ಬಿಳಿ ಪಂಚೆ ತಿಳಿ ಗುಲಾಬಿ, ಕಪ್ಪು ಜಡೆ ಇಟ್ಟಿಗೆ ಕೆಂಪು, ಗದ್ದೆಯ ಹಸಿರು ಕಂದು, ಸಮುದ್ರಕ್ಕೆ ಬಣ್ಣವೇ ಇಲ್ಲ.

ಡಾವಿಂಚಿ ರಿಸಾಲ್ವ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಪರೇಡ್ ಎಂಬ ನಕ್ಷೆ ತೆರೆದರೆ ಕೆಂಪು, ಹಸಿರು, ನೀಲಿ ಪಕ್ಕ ಪಕ್ಕ ಕಾಣುತ್ತವೆ. ಕೆಂಪು ಮಾತ್ರ ಮೇಲೆ, ಚಿಕ್ಕದಾಗಿ ಮುದುಡಿಕೊಂಡಿರುತ್ತದೆ. ಅದರ ತಳವನ್ನು ಕೆಳಗೆ ಎಳೆಯಿರಿ, ಜಡೆ ಕಪ್ಪಾಗುವ ತನಕ. ಆಮೇಲೆ ಮೇಲಿನ ತುದಿಯನ್ನು ಪಂಚೆ ಬೆಳ್ಳಗಾಗುವಂತೆ ಹೊಂದಿಸಿ. ಕೊನೆಗೆ ನಡುಭಾಗ, ಅಲ್ಲಿ ಮೈಬಣ್ಣ ನೋಡಿ. ಕಪ್ಪು, ಬಿಳಿ, ಮೈಬಣ್ಣ, ಇದೇ ಕ್ರಮ. ಬಣ್ಣದ ಗಾಢತೆ ಏರಿಸುವುದು ಎಲ್ಲಕ್ಕಿಂತ ಕೊನೆಗೆ. ಬಹಳ ಜನ ಮೊದಲೇ ಅದನ್ನು ಏರಿಸಿ, ಮುಖಗಳಿಗೆ ಅರಿಶಿನ ಕುಂಕುಮ ಮೆತ್ತಿದ ಹಾಗೆ ಮಾಡಿಬಿಡುತ್ತಾರೆ. ಪ್ರತಿ ದೃಶ್ಯಕ್ಕೂ ಬೇರೆಯಾಗಿ ಮಾಡಬೇಕು. ಹಳೆ ಪೋಸ್ಟರ್ ನೋಡಿ ಸೀರೆಯ ಬಣ್ಣ ತೀರ್ಮಾನಿಸಬೇಡಿ, ಪೋಸ್ಟರ್ ಬರೆದವರು ತಮಗೆ ತೋಚಿದ ಬಣ್ಣ ಹಾಕುತ್ತಿದ್ದರು. ಛಾಯಾಗ್ರಾಹಕರೋ ಅವರ ಸಹಾಯಕರೋ ಇದ್ದರೆ ಕೂರಿಸಿ ತೋರಿಸಿ.

ಧೂಳು ಅಳಿಸುವ ಸ್ವಯಂಚಾಲಿತ ಆಯ್ಕೆಯನ್ನು ಕಣ್ಣು ಮುಚ್ಚಿ ಒತ್ತಬೇಡಿ. ಅದಕ್ಕೆ ಮಳೆಹನಿಯೂ ಗೀರೇ. ಘಟ್ಟದ ಮಳೆಯ ದೃಶ್ಯದಲ್ಲಿ ಮಳೆಯನ್ನೇ ಒರೆಸಿಹಾಕುತ್ತದೆ. ಸಣ್ಣ ಸಣ್ಣ ಕಾಳಿನಂತೆ ಕುದಿಯುವ ಗ್ರೇನ್ ಇದೆಯಲ್ಲ, ಅದು ಫಿಲ್ಮಿನ ಮೈ. ಅದನ್ನು ಸವರಿ ತೆಗೆದರೆ ಮನುಷ್ಯರು ಮೇಣದ ಗೊಂಬೆಗಳಾಗುತ್ತಾರೆ.

ಹಂತ 9: ಪ್ರತಿಗಳು, ಹಕ್ಕು

ತಿದ್ದದ ಸ್ಕ್ಯಾನ್ ಒಂದು, ತಿದ್ದಿದ್ದು ಒಂದು. ಎರಡಕ್ಕೂ ಮೂರು ಪ್ರತಿ. ಒಂದಾದರೂ ಕರಾವಳಿಯಿಂದ ದೂರ, ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಇರಲಿ. ಉಪ್ಪುಗಾಳಿ ಹಾರ್ಡ್ ಡಿಸ್ಕನ್ನೂ ಬಿಡುವುದಿಲ್ಲ. ವರ್ಷಕ್ಕೊಮ್ಮೆ ಹಾಕಿ ತೆರೆದು ನೋಡಿ.

ರೀಲು ನಿಮ್ಮದು ಎಂದ ಮಾತ್ರಕ್ಕೆ ಸಿನಿಮಾ ನಿಮ್ಮದಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಿನಿಮಾದ ಹಕ್ಕು ಬಿಡುಗಡೆಯ ಮುಂದಿನ ವರ್ಷದಿಂದ 60 ವರ್ಷ ಇರುತ್ತದೆ. 1964ರಲ್ಲಿ ಬಂದದ್ದರ ಹಕ್ಕು 2024ರ ಕೊನೆಗೆ ಮುಗಿಯಿತು. ಹಾಡಿನ ಸಾಹಿತ್ಯ, ಸಂಗೀತದ ಹಕ್ಕು ಬೇರೆ, ಅದು ಬರೆದವರ ಆಯುಷ್ಯದ ಮೇಲೆ ಇನ್ನೂ 60 ವರ್ಷ. ಯೂಟ್ಯೂಬಿಗೆ ಹಾಕುವ ಮೊದಲು ನಿರ್ಮಾಪಕರ ಮನೆಯವರನ್ನು ಹುಡುಕಿ ಕೇಳಿ.

ಸ್ಕ್ಯಾನ್ ಆಯಿತೆಂದು ರೀಲು ಎಸೆಯಬೇಡಿ. ನಾಳೆ ಇದಕ್ಕಿಂತ ಒಳ್ಳೆಯ ಸ್ಕ್ಯಾನರ್ ಬರುತ್ತದೆ. ಮನೆಯಲ್ಲಿ ತಂಪು ಜಾಗ ಇಲ್ಲವಾದರೆ ಪುಣೆಯ ಸಂಗ್ರಹಕ್ಕೆ ಒಪ್ಪಿಸುವ ಬಗ್ಗೆ ಮಾತಾಡಿ, ಕರಾರು ಪತ್ರ ಪೂರ್ತಿ ಓದಿ ಸಹಿ ಮಾಡಿ. ಇಲ್ಲೇ ಇಟ್ಟುಕೊಳ್ಳುವವರು ಮುಂದಿನ ಡಿಸೆಂಬರಿನಲ್ಲಿ ಒಂದು ಒಣ ದಿನ ನೋಡಿ ಡಬ್ಬಿ ತೆರೆಯಿರಿ. ಮೂಸಿ, 100 ತೂತು ಅಳೆದು, ತಾರೀಕು ಹಾಕಿ ಅದೇ ನೋಟ್‌ಬುಕ್ಕಿನಲ್ಲಿ ಹಿಂದಿನ ಸಾಲಿನ ಕೆಳಗೆ ಬರೆಯಿರಿ.